ಮನಸ್ಸಿನ ಅಳತೆ

ಮೂವತ್ತೈದು ವರ್ಷಗಳಿಂದ ಆ ಟೈಲರ್ ಸಮವಸ್ತ್ರ ಬಿಟ್ಟು ಬೇರೇನನ್ನೂ ಹೊಲಿದವರಲ್ಲ. ಕಾವಲುಗಾರರ ಕಾಕಿ, ಆಸ್ಪತ್ರೆಯವರ ತಿಳಿಹಸಿರು, ಬಸ್ ಡ್ರೈವರುಗಳ ಬೂದು, ಬ್ಯಾಂಡಿನವರ ಕೆಂಪು ಕೋಟು. ಯಾರೇ ಬರಲಿ, ನೆಟ್ಟಗೆ ನಿಲ್ಲಿಸಿ ಟೇಪು ಹಿಡಿದು ಅಳತೆ ಪುಸ್ತಕದಲ್ಲಿ ಬರೆದುಕೊಂಡರೆ ಎಂಟನೆಯ ದಿನ ಹೇಳಿದ ಹೊತ್ತಿಗೆ ಬಟ್ಟೆ ಸಿದ್ಧ. ಮದುವೆಯ ಕೋಟು ಹೊಲಿದುಕೊಡಿ ಎಂದು ಯಾರಾದರೂ ದುಂಬಾಲು ಬಿದ್ದರೆ, "ಅದಕ್ಕೆಲ್ಲ ಕಲ್ಪನೆ ಬೇಕಪ್ಪ, ನನ್ನ ಹತ್ರ ಇಲ್ಲ. ಕಲ್ಪನೆ ಇರೋ ಟೈಲರ್ ಕೈಲಿ ಪ್ಯಾಂಟ್ ಹೊಲಿಸಿ ನೋಡು, ಒಂದು ಕಾಲು ಉದ್ದ ಬರುತ್ತೆ" ಎನ್ನುವರು. ಹಾಗೆನ್ನುವಾಗ ಅವರ ಮೀಸೆಯಡಿ ಸಣ್ಣ ಹೆಮ್ಮೆಯೊಂದು ಇಣುಕುತ್ತಿತ್ತು.

ಅಂಥವರ ಅಂಗಡಿಗೆ ಒಂದು ಗುರುವಾರ ಮಧ್ಯಾಹ್ನ ಮೊಮ್ಮಗಳು ಗುಂಡಿ ಶಾಲೆಯಿಂದ ಚೀಟಿಯೊಂದನ್ನು ತಂದಳು. ಗುಂಡಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಎರಡು ವರ್ಷದವಳಿದ್ದಾಗ ಬ್ಯಾಂಡಿನವರ ಕೋಟಿನ ಹಿತ್ತಾಳೆ ಗುಂಡಿಯೊಂದನ್ನು ನುಂಗಿ ಮೂರು ದಿನ ಮನೆಮಂದಿಯನ್ನೆಲ್ಲ ಕಾಯಿಸಿದ್ದಳು. ಗುಂಡಿ ಹೊರಗೆ ಬಂದು ತೊಳೆಸಿಕೊಂಡು ಕೋಟು ಸೇರಿತು, ಹೆಸರು ಮಾತ್ರ ಇವಳಿಗೆ ಉಳಿಯಿತು. ಈಗ ಅವಳಿಗೆ ಆರು ವರ್ಷ. ಅಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದುದರಿಂದ ಶಾಲೆ ಬಿಟ್ಟ ಮೇಲೆ ಸಂಜೆಯವರೆಗೂ ಅವಳ ವಾಸ ತಾತನ ಅಂಗಡಿಯಲ್ಲೇ.

ಚೀಟಿಯಲ್ಲಿ ಹೀಗೆ ಬರೆದಿತ್ತು: 'ಮಂಗಳವಾರ ಶಾಲಾ ವಾರ್ಷಿಕೋತ್ಸವ. ನಾಟಕ: ನಮ್ಮ ದೇಹ. ನಿಮ್ಮ ಮಗುವಿನ ಪಾತ್ರ: ಮನಸ್ಸು. ವೇಷ ಪೋಷಕರ ಕಲ್ಪನೆಗೆ ಬಿಟ್ಟದ್ದು.'

ಟೈಲರ್ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಹೃದಯ ಸಿಗ್ಲಿಲ್ವೇನೇ?"

"ಇಲ್ಲ ತಾತ. ನಾನು ನೀರು ಕುಡಿಯೋಕೆ ಹೋಗಿದ್ದೆ. ಬರೋಷ್ಟರಲ್ಲಿ ಹೃದಯ, ಹೊಟ್ಟೆ, ಎರಡು ಶ್ವಾಸಕೋಶ, ಕಣ್ಣು, ಎಲ್ಲಾ ಖಾಲಿ ಆಗ್ಬಿಟ್ಟಿತ್ತು."

"ಹೃದಯ ಆಗಿದ್ರೆ ಬ್ಯಾಂಡಿನವರ ಕೆಂಪು ಬಟ್ಟೇಲಿ ಒಂದು ಗಂಟೆ ಕೆಲಸ. ಹೊಟ್ಟೆ ಆಗಿದ್ರೆ ಒಂದು ದಿಂಬು ಕಟ್ಟಿದ್ರೆ ಮುಗೀತು. ಇದಕ್ಕೇನು ಹೊಲೀಲಿ?"

ಒಳಕೋಣೆಯ ಕಿಟಕಿಯ ಬಳಿ ಅವರ ಹೆಂಡತಿ ಕಾವಲುಗಾರರ ಅಂಗಿಗಳಿಗೆ ಕಾಜ ಹೊಲಿಯುತ್ತಿದ್ದರು. ಟೈಲರ್ ಬಾಗಿಲಲ್ಲಿ ನಿಂತು, "ಏನೇ, ಮನಸ್ಸು ಅನ್ನೋದು ಎಲ್ಲಿರುತ್ತೆ?" ಎಂದು ಕೇಳಿದರು.

ಆಕೆ ತಲೆಯೆತ್ತದೆ ಎದೆ ಮುಟ್ಟಿ ತೋರಿಸಿದರು. ಟೈಲರ್ ಅಷ್ಟರಲ್ಲಿ ತಮ್ಮ ಹಣೆ ಮುಟ್ಟಿಕೊಂಡಾಗಿತ್ತು.

"ಎದೇಲಾ?"

"ಮತ್ತೆಲ್ಲಿ? ಬೇಜಾರಾದ್ರೆ ಯಾರಾದ್ರೂ ಹಣೆ ಹಿಡ್ಕೊಂಡು ಅಳ್ತಾರಾ?"

"ನಾನು ಹಿಡ್ಕೋತೀನಿ."

"ಅದು ತಲೆನೋವು ರೀ. ಕನ್ನಡಕದ ನಂಬರು ಬದಲಾಯಿಸಿ ಅಂತ ಎಷ್ಟು ದಿನದಿಂದ ಹೇಳ್ತಿದ್ದೀನಿ."

ಮದುವೆಯಾಗಿ ಮೂವತ್ತೆರಡು ವರ್ಷವಾಗಿತ್ತು. ಗಂಡ ಹೆಂಡತಿ ತಮ್ಮ ತಮ್ಮ ಮನಸ್ಸನ್ನು ಬೇರೆ ಬೇರೆ ಕಡೆ ಇಟ್ಟುಕೊಂಡು ಸಂಸಾರ ಮಾಡಿದ್ದಾರೆ ಎಂಬುದು ಇಬ್ಬರಿಗೂ ಗೊತ್ತಾದದ್ದು ಅಂದೇ. ಇದನ್ನು ತೀರ್ಮಾನ ಮಾಡದೆ ಬಿಡುವಂತಿಲ್ಲ ಎಂದು ಟೈಲರ್ ಆಸ್ಪತ್ರೆಯಲ್ಲಿದ್ದ ಮಗಳಿಗೆ ಫೋನ್ ಮಾಡಿ, ಸ್ಕ್ಯಾನಿಂಗ್ ಮಾಡುವವರನ್ನು ಸ್ವಲ್ಪ ವಿಚಾರಿಸು ಎಂದರು. ಹತ್ತು ನಿಮಿಷ ಬಿಟ್ಟು ಅವಳೇ ಫೋನ್ ಮಾಡಿದಳು.

"ಅಪ್ಪಾ, ಮೆದುಳು ಕಾಣುತ್ತಂತೆ. ಮನಸ್ಸು ಕಾಣಲ್ವಂತೆ."

"ಮೆಷಿನ್ನು ಹಳೇದಾ?"

"ಹೊಸದೇ ಅಪ್ಪಾ."

ದೊಡ್ಡವರಿಂದ ಕೆಲಸ ಆಗುವುದಿಲ್ಲ ಎಂದು ಟೈಲರಿಗೆ ಖಾತ್ರಿಯಾಯಿತು. ಬಟ್ಟೆ ಯಾರಿಗೆ ಬೇಕೋ ಅವರನ್ನೇ ಕೇಳುವುದು ಅವರ ಕಸುಬಿನ ಪದ್ಧತಿ. ಶನಿವಾರ ಮಧ್ಯಾಹ್ನ ಗುಂಡಿ ತನ್ನ ಇಬ್ಬರು ಸ್ನೇಹಿತರನ್ನು ಕರೆತಂದಳು. ಒಬ್ಬ ಎದುರಿನ ಬೇಕರಿಯವರ ಮಗ, ಎಲ್ಲರೂ ಬನ್ನು ಎಂದು ಕರೆಯುವ ಏಳು ವರ್ಷದವನು. ನಾಟಕದಲ್ಲಿ ಹೊಟ್ಟೆಯ ಪಾತ್ರ ಹೊಡೆದುಕೊಂಡವನು ಇವನೇ. ಇನ್ನೊಬ್ಬಳು ಮಹಡಿ ಮನೆಯ ಐದು ವರ್ಷದ ಹುಡುಗಿ. ಯಾರು ಏನೇ ಹೇಳಲಿ ಸೊಂಟಕ್ಕೆ ಕೈಯಿಟ್ಟು ವಾದಕ್ಕೆ ನಿಲ್ಲುತ್ತಿದ್ದುದರಿಂದ ಅವಳಿಗೆ ವಕೀಲಮ್ಮ ಎಂದು ಹೆಸರು ಬಿದ್ದಿತ್ತು. ಟೈಲರ್ ಮೂವರನ್ನೂ ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಕೂರಿಸಿ, ಅಳತೆ ಪುಸ್ತಕ ತೆರೆದು, ಕಿವಿಯ ಮೇಲಿನ ಪೆನ್ಸಿಲ್ ತೆಗೆದರು.

"ನೋಡಿ, ನನಗೆ ಮೂರೇ ವಿಷಯ ಬೇಕು. ಎಲ್ಲಿರುತ್ತೆ, ಎಷ್ಟು ದಪ್ಪ, ಯಾವ ಬಣ್ಣ. ಬೇಗ ಹೇಳಿ, ಸಂಜೆಗೆ ಕಾವಲುಗಾರರ ಪ್ಯಾಂಟ್ ಮುಗಿಸ್ಬೇಕು."

"ಕಾಲಲ್ಲಿರುತ್ತೆ" ಎಂದ ಬನ್ನು. "ಲೆಕ್ಕದ ಪಿರಿಯಡ್‌ನಲ್ಲಿ ನನ್ನ ಕಾಲು ಹೊರಗೆ ಓಡೋಣ ಓಡೋಣ ಅನ್ನುತ್ತೆ."

"ಎಲ್ಲೂ ಇರಲ್ಲ" ಎಂದಳು ವಕೀಲಮ್ಮ. "ಇದ್ದಿದ್ರೆ ಬಿದ್ದಾಗ ಅದಕ್ಕೂ ತರಚಬೇಕಿತ್ತು. ನಾನು ಎಷ್ಟು ಸಲ ಬಿದ್ದಿದ್ದೀನಿ, ಮಂಡಿ ಮಾತ್ರ ತರಚಿದ್ದು."

"ಹಾಗಾದ್ರೆ ಈಗ ಇದನ್ನ ಯೋಚನೆ ಮಾಡಿದ್ದು ಯಾರು?" ಗುಂಡಿ ಕೇಳಿದಳು.

ವಕೀಲಮ್ಮ ಸೊಂಟಕ್ಕೆ ಕೈಯಿಟ್ಟಳು. "ನಾನು. ಮನಸ್ಸಲ್ಲ, ನಾನು."

"ನೀನು ಅಂದ್ರೆ ಯಾರು?"

"ನಾನು ಅಂದ್ರೆ..." ಅವಳು ತನ್ನ ಕೈ ನೋಡಿಕೊಂಡಳು, ಹೊಟ್ಟೆ ನೋಡಿಕೊಂಡಳು, ಕೊನೆಗೆ ಸೂರಿನ ಕಡೆ ಬೆರಳು ತೋರಿಸಿದಳು. "ನಾನು ಅಂದ್ರೆ ಮೇಲಿನ ಮನೆಯವಳು."

ಟೈಲರ್ ಪುಸ್ತಕದಲ್ಲಿ 'ಮೇಲಿನ ಮನೆ' ಎಂದು ಬರೆದುಕೊಂಡು, ಮತ್ತೆ ಹೊಡೆದುಹಾಕಿದರು.

ದಪ್ಪದ ಪ್ರಶ್ನೆಗೆ ಒಂದು ಪ್ರಯೋಗವನ್ನೇ ಮಾಡಬೇಕಾಯಿತು. ತಲೆಯೊಳಗೆ ಇರುವುದೇ ನಿಜವಾದರೆ ದೊಡ್ಡದನ್ನು ಯೋಚಿಸಿದಾಗ ತಲೆ ಸ್ವಲ್ಪವಾದರೂ ಉಬ್ಬಬೇಕಲ್ಲ ಎಂಬುದು ಗುಂಡಿಯ ವಾದ. ಟೈಲರಿಗೆ ಇದು ಸರಿ ಎನಿಸಿತು. ಬನ್ನುವಿನ ಹಣೆಯ ಸುತ್ತ ಟೇಪು ಹಿಡಿದು, "ಇರುವೆ ಯೋಚಿಸು" ಎಂದರು. ಇಪ್ಪತ್ತೂವರೆ ಇಂಚು. "ಈಗ ಆನೆ ಯೋಚಿಸು." ಬನ್ನು ಕಣ್ಣು ಬಿಗಿಯಾಗಿ ಮುಚ್ಚಿ, ಉಸಿರು ಹಿಡಿದು, ಮುಖ ಕೆಂಪಗೆ ಮಾಡಿಕೊಂಡ. ಇಪ್ಪತ್ತೂವರೆಯೇ.

"ಅವನು ಮರಿ ಆನೆ ಯೋಚಿಸಿದ್ದಾನೆ" ಎಂದಳು ವಕೀಲಮ್ಮ.

"ಇಲ್ಲ, ದೊಡ್ಡದೇ! ದಂತ ಇರೋದು!"

"ದೂರದಲ್ಲಿ ನಿಂತಿರೋ ಆನೆ ಯೋಚಿಸಿರ್ತಾನೆ. ಅದಕ್ಕೇ ಸಣ್ಣ."

ಹಾಗಾದರೆ ತಾತನ ತಲೆಯನ್ನೇ ಅಳೆಯೋಣ ಎಂದಾಯಿತು. ಗುಂಡಿ ಸ್ಟೂಲು ಹತ್ತಿ ಟೇಪು ಹಿಡಿದಳು. ಇರುವೆಗೆ ಇಪ್ಪತ್ತೆರಡೂವರೆ ಇಂಚು. ಆನೆಗೆ ಇಪ್ಪತ್ತಮೂರು! ಮಕ್ಕಳು ಮೇಜಿನ ಮೇಲೆ ಕುಣಿದಾಡಿದರು. ಟೈಲರ್ ಪೆನ್ಸಿಲಿಗೆ ಕೈಹಾಕಿದರು. ಆಮೇಲೆ ನೋಡಿದರೆ ಅವರು ಆನೆಯನ್ನು ನೆನೆಯುವಾಗ ಹುಬ್ಬು ಮೇಲೆತ್ತಿದ್ದರು, ಟೇಪು ಹುಬ್ಬಿನ ಮೇಲೆಯೇ ಕೂತಿತ್ತು.

"ಸರಿ, ಅಳತೆ ಇರ್ಲಿ" ಎಂದು ಅವರು ಬೆವರು ಒರೆಸಿಕೊಂಡರು. "ಬಣ್ಣನಾದ್ರೂ ಹೇಳಿ. ಕೆಂಪು ಮಾಡೋಣ್ವಾ?"

"ಯಾರ ಕೆಂಪು?" ಎಂದಳು ಗುಂಡಿ.

"ಯಾರ ಕೆಂಪು ಅಂದ್ರೆ? ಕೆಂಪು ಕೆಂಪೇ ಕಣೇ."

ಗುಂಡಿ ಕೆಂಪು ನೂಲಿನ ರೀಲೊಂದನ್ನು ಎತ್ತಿ ಹಿಡಿದಳು. "ಬನ್ನುಗೂ ಇದು ಕೆಂಪು, ನನಗೂ ಕೆಂಪು. ಆದ್ರೆ ಅವನ ಒಳಗೆ ಇದು ನನ್ನ ಹಸಿರಿನ ಥರ ಕಾಣ್ತಿದ್ರೆ? ಅವನು ಹುಟ್ಟಿದಾಗಿಂದ ಅದಕ್ಕೇ ಕೆಂಪು ಅಂತ ಹೇಳ್ತಾ ಬಂದಿದ್ರೆ? ನಮಗೆ ಹೇಗೆ ಗೊತ್ತಾಗುತ್ತೆ?"

ಟೈಲರ್ ತುಟಿಯಲ್ಲಿ ಕಚ್ಚಿಕೊಂಡಿದ್ದ ಎರಡು ಗುಂಡುಪಿನ್ನುಗಳು ನೆಲಕ್ಕೆ ಬಿದ್ದವು. ಮೂವತ್ತೈದು ವರ್ಷ ಅವರು ಬಟ್ಟೆಗೆ ನೂಲು ಹೊಂದಿಸಿದ್ದರು. ಒಮ್ಮೆಯೂ ಇಂಥದೊಂದು ಅಪಾಯ ಇದೆ ಎಂದು ಯಾರೂ ಎಚ್ಚರಿಸಿರಲಿಲ್ಲ. ಕಾಕಿ ನೂಲಿನ ರೀಲು ಹಿಡಿದು ನೇರ ಒಳಕೋಣೆಗೆ ಹೋದರು.

"ಇದು ನಿನಗೆ ಯಾವ ಬಣ್ಣ ಕಾಣುತ್ತೆ?"

"ಕಾಕಿ."

"ಅದು ಸರಿ. ಒಳಗೆ?"

"ಯಾರ ಒಳಗೆ?"

"ನಿನ್ನ ಒಳಗೆ."

"ಒಳಗೂ ಕಾಕೀನೇ, ಹೊರಗೂ ಕಾಕೀನೇ. ಆ ಮಕ್ಕಳ ಜೊತೆ ಸೇರಿ ನಿಮಗೇನಾಗಿದೆ? ಸುಮ್ನೆ ಹೋಗಿ ಮನಸ್ಸಿಟ್ಟು ಕೆಲಸ ಮಾಡಿ."

ಇದು ಹೊರಗಿನ ಮೂವರಿಗೂ ಕೇಳಿಸಿತು. "ಅಜ್ಜೀ, ಮನಸ್ಸನ್ನ ಎಲ್ಲಿ ಇಡೋದು?" ಎಂದು ವಕೀಲಮ್ಮ ಕೂಗಿದಳು.

ಅಲ್ಲಿಂದ ಕೆಲಸಕ್ಕೆ ವೇಗ ಬಂತು. ಇಡಬೇಕು ಎಂದರೆ ಜೇಬು ಬೇಕು. ಅಮ್ಮ ದಿನವೂ 'ನನ್ನ ಮಾತು ಮನಸ್ಸಿನಲ್ಲಿಟ್ಕೋ' ಎನ್ನುತ್ತಾಳೆ, ಅಂದರೆ ಮನಸ್ಸಿನ ಒಳಗೂ ಜೇಬು ಬೇಕು, ಅಮ್ಮನ ಮಾತುಗಳು ಬಹಳ ಇರುವುದರಿಂದ ಒಂದೆರಡು ಸಾಲುವುದಿಲ್ಲ ಎಂದಳು ಗುಂಡಿ. ಬನ್ನುವಿನ ಅಪ್ಪ ಹಾಲಿನವನಿಗೆ 'ದೊಡ್ಡ ಮನಸ್ಸು ಮಾಡಿ ಒಂದು ಗಂಟೆ ಮುಂಚೆ ಬಾರಪ್ಪ' ಎನ್ನುತ್ತಾನಂತೆ. ಆದ್ದರಿಂದ ಬೇಕೆಂದಾಗ ಅದು ದೊಡ್ಡದಾಗಬೇಕು. ಸೊಂಟಕ್ಕೊಂದು ಲಾಡಿ ಹಾಕಿ, ಸುತ್ತ ನೆರಿಗೆ ಕೊಟ್ಟು, ಎಳೆದರೆ ಸಣ್ಣ, ಬಿಟ್ಟರೆ ದೊಡ್ಡದು ಎಂದು ಟೈಲರೇ ಉಪಾಯ ಹೇಳಿದರು. ಈಗ ಅವರ ಪೆನ್ಸಿಲ್ ಓಡತೊಡಗಿತ್ತು. ಒಳಗಿನಿಂದ ಅಜ್ಜಿಗೂ ತಡೆಯಲಿಲ್ಲ. "ಮನಸ್ಸು ಬಿಚ್ಚಿ ಮಾತಾಡು ಅಂತಾರಲ್ಲ, ಮುಂದೆ ಉದ್ದಕ್ಕೆ ಒಂದು ಜಿಪ್ಪು ಹಾಕ್ರೀ" ಎಂದು ಕೂಗಿದರು. "ಭಾರ ಆಗುತ್ತೆ ಅಂತಾರೆ, ಹಗುರ ಆಯ್ತು ಅಂತಾರೆ, ಅದಕ್ಕೂ ಏನಾದ್ರೂ ಮಾಡಿ." ಹಳೆಯ ಗುಂಡಿಗಳ ಚೀಲವೊಂದನ್ನು ಕೊಕ್ಕೆಯಿಂದ ನೇತುಹಾಕಿ ಬೇಕಾದಾಗ ತೆಗೆಯುವುದು ಎಂದಾಯಿತು.

"ಮನಸ್ಸು ಕರಗುತ್ತೆ ಕೂಡ" ಎಂದ ಬನ್ನು.

"ಕರಗೋ ಬಟ್ಟೆ ನನ್ನ ಹತ್ರ ಇಲ್ಲಪ್ಪ" ಎಂದು ಟೈಲರ್ ಅಲ್ಲಿಗೆ ಗೆರೆ ಎಳೆದರು.

ಬಟ್ಟೆಯ ಬಣ್ಣದ ಜಗಳ ಬೇಡವೆಂದು ಮೂಲೆಯಲ್ಲಿದ್ದ ಚೂರುಗಳ ಮೂಟೆ ಬಿಚ್ಚಿ, ಕಾಕಿ, ಹಸಿರು, ಬೂದು, ಕೆಂಪು ಎಲ್ಲವನ್ನೂ ಸೇರಿಸಿ ಹೊಲಿಯತೊಡಗಿದರು. ಮೂರನೆಯ ಜೇಬಿನ ಹೊತ್ತಿಗೆ ನೂಲು ಪಟ್ಟೆಂದು ಕಡಿಯಿತು. "ಈ ಮೆಷಿನ್‌ಗೆ ಇವತ್ತು ಕೆಲಸ ಮಾಡೋ ಮನಸ್ಸಿಲ್ಲ" ಎಂದು ಗೊಣಗಿಕೊಂಡರು.

"ಹಾಗಾದ್ರೆ ನಿನ್ನೆ ಇತ್ತಾ?" ವಕೀಲಮ್ಮ ತಕ್ಷಣ ಹಿಡಿದಳು. "ಮೆಷಿನ್‌ಗೂ ಮನಸ್ಸಿದ್ರೆ ಅದನ್ನ ಕೇಳದೆ ಯಾಕೆ ಕಾಲಲ್ಲಿ ತುಳೀತೀರ ತಾತ?"

ಟೈಲರ್ ಪೆಡಲಿನಿಂದ ಮೆಲ್ಲಗೆ ಕಾಲು ತೆಗೆದರು. ನೂಲು ಪೋಣಿಸಿದ ಮೇಲೆ ಮತ್ತೆ ಕಾಲಿಡುವಾಗ, ಯಾರಿಗೂ ಕೇಳಿಸದ ಹಾಗೆ, "ಶುರು ಮಾಡೋಣ್ವಾ?" ಎಂದರು.

ಭಾನುವಾರವಿಡೀ ಅದೇ ಕೆಲಸ ನಡೆಯಿತು. ನಡುನಡುವೆ ಕಾವಲುಗಾರರ ಪ್ಯಾಂಟುಗಳೂ ಹೊಲಿಯಲ್ಪಟ್ಟವು. ಸೋಮವಾರ ಬೆಳಿಗ್ಗೆ ತನ್ನ ಪ್ಯಾಂಟು ಒಯ್ದಿದ್ದ ಕಾವಲುಗಾರನೊಬ್ಬ ಅರ್ಧ ಗಂಟೆಯಲ್ಲಿ ಅದನ್ನು ಹಿಡಿದು ವಾಪಸ್ಸು ಬಂದ.

"ಯಜಮಾನ್ರೇ, ಇದರಲ್ಲಿ ಒಂಬತ್ತು ಜೇಬಿದೆ."

ಟೈಲರ್ ಎಣಿಸಿದರು. ಒಂಬತ್ತೇ ಇದ್ದವು, ಎರಡು ಮಂಡಿಯ ಹಿಂಭಾಗದಲ್ಲಿ. ಅವರ ಮುಖ ಸಪ್ಪಗಾಯಿತು. ಮೂವತ್ತೈದು ವರ್ಷದಲ್ಲಿ ಇಂಥ ತಪ್ಪು ಇದೇ ಮೊದಲು. "ಕೊಡಪ್ಪ, ಬಿಚ್ಚಿ ಕೊಡ್ತೀನಿ. ಏನೋ ಯೋಚನೇಲಿದ್ದೆ."

"ಅಯ್ಯೋ ಬಿಚ್ಬೇಡಿ!" ಎಂದ ಕಾವಲುಗಾರ. "ಟಾರ್ಚು, ಬೀಗದ ಕೈ, ಬಿಸ್ಕತ್ತು, ಎಲ್ಲಕ್ಕೂ ಜಾಗ ಆಯ್ತು. ಇನ್ನೊಂದು ಜೊತೆಗೂ ಹೀಗೇ ಯೋಚನೆ ಮಾಡಿ ಹೊಲೀರಿ ಅಂತ ಹೇಳೋಕೆ ಬಂದೆ."

ಅಂದು ಸಂಜೆ ವೇಷ ಸಿದ್ಧವಾಯಿತು. ಆದರೆ ಮಕ್ಕಳು ಹೇಳಿದ್ದನ್ನೆಲ್ಲ ಸೇರಿಸುತ್ತ ಹೋಗಿ ಅದು ಗುಂಡಿಯ ಗಾತ್ರವನ್ನು ಎಂದೋ ಮೀರಿತ್ತು. ಲಾಡಿ ಬಿಟ್ಟರೆ ಅಂಗಡಿಯ ಅರ್ಧ ನೆಲವೇ ಅದರದಾಗುತ್ತಿತ್ತು. ಸರಿಯಿದೆಯೋ ನೋಡಲು ಮೂವರೂ ಒಟ್ಟಿಗೆ ಒಳಗೆ ನುಗ್ಗಿ ಜಿಪ್ಪು ಎಳೆದುಕೊಂಡರು. ಬನ್ನು ಬೇಕರಿಯ ಕಡೆ ಹೊರಟ, ವಕೀಲಮ್ಮ ಮೆಟ್ಟಿಲಿನ ಕಡೆ ಹೊರಟಳು. ಬಟ್ಟೆಯ ಗುಡ್ಡ ಒಮ್ಮೆ ಅತ್ತ ವಾಲಿತು, ಒಮ್ಮೆ ಇತ್ತ ವಾಲಿತು, ಇಸ್ತ್ರಿ ಮೇಜಿಗೆ ಡಿಕ್ಕಿ ಹೊಡೆದು ಕೂತಿತು.

"ಎರಡು ಮನಸ್ಸಾಗ್ಬಿಟ್ಟಿದೆ ತಾತ!" ಒಳಗಿನಿಂದ ಗುಂಡಿಯ ದನಿ ಬಂತು. "ನನ್ನದೂ ಸೇರಿದ್ರೆ ಮೂರು!"

ಹೊರಗೆ ಬಂದ ಮೇಲೆ ಅವಳು ಮೇಜಿನ ಮೇಲೆ ಕೂತು ಕಾಲಾಡಿಸುತ್ತ ತನ್ನ ಸಂಕಟ ಹೇಳಿಕೊಂಡಳು. ನಾಟಕದ ಕೊನೆಯಲ್ಲಿ ಅವಳು 'ನಾನು ನಿಮ್ಮೆಲ್ಲರ ಯಜಮಾನ, ನಾನು ಹೇಳಿದಂತೆ ನೀವೆಲ್ಲ ಕೇಳುತ್ತೀರಿ' ಎನ್ನಬೇಕಿತ್ತು.

"ಅದು ಸುಳ್ಳಲ್ವಾ ತಾತ? ಬಿಕ್ಕಳಿಕೆಗೆ ನಿಲ್ಲು ಅಂದ್ರೆ ನಿಲ್ಲಲ್ಲ. ನಿದ್ದೆಗೆ ಬಾ ಅಂದ್ರೆ ಬರಲ್ಲ. ಎಂಥಾ ಯಜಮಾನ?"

ಟೈಲರ್ ಒಳಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಾನೂ ಈ ಅಂಗಡಿಗೆ ಯಜಮಾನನೇ ಕಣೇ. ಹೇಳ್ಬಿಡು, ಏನಾಗಲ್ಲ."

ಮಂಗಳವಾರ ಶಾಲೆಯ ಸಭಾಂಗಣ ತುಂಬಿತ್ತು. ಟೈಲರ್, ಅವರ ಹೆಂಡತಿ, ಮಗಳು, ವಕೀಲಮ್ಮ ಎರಡನೆಯ ಸಾಲಿನಲ್ಲಿ ಕೂತಿದ್ದರು. ನಾಟಕ ಬರೆದಿದ್ದ ವಿಜ್ಞಾನದ ಟೀಚರ್ ಪರದೆಯ ಪಕ್ಕ ಪುಸ್ತಕ ಹಿಡಿದು ನಿಂತಿದ್ದರು. ಮೊದಲು ಹೃದಯ ಬಂತು. ಕೆಂಪು ಮಖಮಲ್ಲು ತೊಟ್ಟ ಸಣಕಲು ಹುಡುಗ. "ನಾನು ಹೃದಯ" ಎಂದವನೇ ಸಭೆ ನೋಡಿದ, ಮುಂದಿನದು ಮರೆತ. ಟೀಚರ್ ಪಿಸುಗುಟ್ಟಿದರು. ಅವನಿಗೆ ಕೇಳಿಸಲಿಲ್ಲ. ತುಟಿ ನಡುಗಿತು, ಕಣ್ಣು ತುಂಬಿತು, ನೂರಾರು ಜನರ ಎದುರು ಹೃದಯ ಗೊಳೋ ಎಂದು ಅಳತೊಡಗಿತು.

ಮನಸ್ಸು ಬರಬೇಕಾದದ್ದು ಕೊನೆಯಲ್ಲಿ. ಆದರೆ ಪರದೆಯ ಹಿಂದಿನಿಂದ ಬಣ್ಣ ಬಣ್ಣದ ಗುಡ್ಡವೊಂದು ನಡೆದು ಬಂತು. ಅಳುವವನ ಎದುರು ನಿಂತು ಜಿಪ್ಪು ಜಾರಿಸಿತು. "ಬಾರೋ ಒಳಗೆ. ಇಲ್ಲಿ ಯಾರೂ ಕಾಣಲ್ಲ" ಎಂದಳು ಗುಂಡಿ. ಹುಡುಗ ಒಳಹೊಕ್ಕ. ಆಮೇಲೆ ಬಟ್ಟೆಯ ಒಳಗಿನಿಂದ ಸ್ಪಷ್ಟವಾದ ದನಿ ಕೇಳಿಸಿತು: "ನಾನು ಹೃದಯ! ದಿನಕ್ಕೆ ಲಕ್ಷ ಸಲ ಬಡಿಯುತ್ತೇನೆ! ನಾನಿಲ್ಲದೆ ನೀವಿಲ್ಲ!"

ಚಪ್ಪಾಳೆ ಬಿತ್ತು. ಇದನ್ನು ಕಂಡು ಹೊಟ್ಟೆಗೂ ಆಸೆಯಾಯಿತು. ಬನ್ನು ಕಟ್ಟಿಕೊಂಡಿದ್ದ ದಿಂಬು ಆಗಲೇ ಮಂಡಿಗೆ ಜಾರಿತ್ತು; ಅವನು ಕುಪ್ಪಳಿಸುತ್ತ ಬಂದು ಒಳಸೇರಿದ. ಕೈ ಕೈ ಹಿಡಿದು ನಿಂತಿದ್ದ ಎರಡು ಶ್ವಾಸಕೋಶಗಳೂ ಹೋದವು. ಕಣ್ಣಿನ ವೇಷದವಳು ಒಬ್ಬಳೇ ಉಳಿದೆನಲ್ಲ ಎಂದು ಓಡಿ ಬಂದಳು. ಗುಂಡಿ ಲಾಡಿ ಪೂರ್ತಿ ಬಿಟ್ಟಳು. ಆ ಗುಡ್ಡ ವೇದಿಕೆಯ ಮೇಲೆ ಉಬ್ಬುತ್ತ, ಕುಗ್ಗುತ್ತ, ಎಲ್ಲರ ಮಾತುಗಳನ್ನೂ ಯಾವುದೋ ಕ್ರಮದಲ್ಲಿ ಒದರತೊಡಗಿತು.

"ನಾನು ಹೊಟ್ಟೆ, ಊಟ ಅರೆಯುವೆ!"

"ನನ್ನ ಕಾಲು ತುಳಿದೆ!"

"ಅದು ನಿನ್ನ ಕಾಲಲ್ಲ, ನಂದು!"

"ಹಾಗಾದ್ರೆ ನೋವು ನನಗ್ಯಾಕೆ ಆಯ್ತು?"

"ಮನಸ್ಸೇ! ನಿನ್ನ ಮಾತು ಹೇಳು!" ಟೀಚರ್ ಪುಸ್ತಕ ಬೀಸುತ್ತ ಕೂಗಿದರು.

ಜಿಪ್ಪಿನಿಂದ ಗುಂಡಿಯ ತಲೆ ಹೊರಬಂತು. ಕೂದಲು ಕೆದರಿತ್ತು. "ನಾನು ನಿಮ್ಮೆಲ್ಲರ ಯಜಮಾನ" ಎಂದು ಗಟ್ಟಿಯಾಗಿ ಹೇಳಿ, ಒಳಗೆ ಒಮ್ಮೆ ಇಣುಕಿ ನೋಡಿ, ಟೀಚರ್ ಕಡೆ ತಿರುಗಿದಳು. "ಟೀಚರ್, ಇಲ್ಲಿ ಯಾರೂ ನನ್ನ ಮಾತು ಕೇಳ್ತಾನೇ ಇಲ್ಲ."

ಸಭಾಂಗಣ ನಕ್ಕು ನಕ್ಕು ಸುಸ್ತಾಯಿತು. ಟೈಲರಿಗೆ ಕನ್ನಡಕ ಕೈಯಲ್ಲಿ ಹಿಡಿದು ಕಣ್ಣೊರೆಸಿಕೊಳ್ಳುವಷ್ಟು ನಗು. ಆ ನಗುವಿನ ನಡುವೆಯೂ ಅವರ ನೋಟ ಹೊಲಿಗೆಯ ಮೇಲೆಯೇ ಇತ್ತು. ಆರು ಮಕ್ಕಳ ಎಳೆದಾಟಕ್ಕೂ ಒಂದೇ ಒಂದು ಎಳೆ ಬಿಟ್ಟಿರಲಿಲ್ಲ. ಗುಡ್ಡ ಎಲ್ಲರಿಗೂ ನಮಸ್ಕಾರ ಮಾಡಲು ಹೋಗಿ ಮುಗ್ಗರಿಸಿ, ಉರುಳಿಕೊಂಡು ಪರದೆಯ ಆಚೆ ಹೋಯಿತು.

ಮುಖ್ಯ ಅತಿಥಿಯಾಗಿ ಬಂದಿದ್ದ ನಿವೃತ್ತ ಡಾಕ್ಟರ್ ಮೈಕ್ ಹಿಡಿದು, "ನಲವತ್ತು ವರ್ಷ ಜನರ ದೇಹ ನೋಡಿದ್ದೇನೆ. ಒಳಗಿನ ಪರಿಸ್ಥಿತಿ ಹೀಗೇ ಇರುತ್ತದೆ. ಇಷ್ಟು ಸರಿಯಾಗಿ ತೋರಿಸಿದ್ದನ್ನು ನಾನೆಲ್ಲೂ ಕಂಡಿಲ್ಲ" ಎಂದರು. ಟೀಚರ್ ಬೆವರೊರೆಸಿಕೊಂಡು, "ಅದೇ ಸರ್, ಅದೇ ನಮ್ಮ ಉದ್ದೇಶ" ಎಂದರು. ಎರಡನೆಯ ಸಾಲಿನಲ್ಲಿ ವಕೀಲಮ್ಮ ಎದ್ದು ನಿಂತು, ಉದ್ದೇಶ ಅದಾಗಿರಲಿಲ್ಲ ಎಂದು ಹೇಳಲು ಬಾಯಿ ತೆರೆದಳು. ಅಜ್ಜಿ ಅವಳ ಬಾಯಿಗೊಂದು ಬಿಸ್ಕತ್ತು ತುರುಕಿ ಕೂರಿಸಿದರು.

ವೇಷವನ್ನು ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಬಿಚ್ಚಿ ಒರೆಸುವ ಬಟ್ಟೆ ಮಾಡೋಣವೆಂದರೆ ಮಕ್ಕಳು ಒಪ್ಪಲಿಲ್ಲ. ಟೈಲರ್ ಅದನ್ನು ಅಂಗಡಿಯ ಮೂಲೆಯಲ್ಲಿ ಸೂರಿನ ಕೊಕ್ಕೆಗೆ ಡೇರೆಯ ಹಾಗೆ ನೇತುಹಾಕಿದರು. ಶಾಲೆ ಬಿಟ್ಟ ಮೇಲೆ ಮೂವರೂ ಅದರೊಳಗೆ ಕೂತು, ನಾಯಿಗೆ ಕನಸು ಬಿದ್ದರೆ ಅದರಲ್ಲಿ ತಾವು ಇರುತ್ತೇವೆಯೇ, ಇದ್ದರೆ ಯಾವ ಬಟ್ಟೆ ಹಾಕಿರುತ್ತೇವೆ ಎಂದೆಲ್ಲ ಚರ್ಚಿಸುತ್ತಿದ್ದರು.

ಮುಂದಿನ ವಾರ ಒಂದು ಮಧ್ಯಾಹ್ನ ಅಜ್ಜಿ ಕಾಜ ಮುಗಿಸಿದ ಅಂಗಿಗಳನ್ನು ಹೊತ್ತು ಹೊರಗೆ ಬಂದರು. ಮೆಷಿನ್ನು ನಿಂತಿತ್ತು, ಕುರ್ಚಿ ಖಾಲಿಯಿತ್ತು. ಮಕ್ಕಳು ಬರುವ ಹೊತ್ತಲ್ಲ. ಮೂಲೆಯ ಡೇರೆಯೊಳಗಿನಿಂದ ಕಡಲೆಕಾಯಿ ಸುಲಿಯುವ ಸದ್ದು ಕೇಳಿಸುತ್ತಿತ್ತು. ಅವರು ಅಂಗಿಗಳನ್ನು ಮೇಜಿನ ಮೇಲಿಟ್ಟು ಜಿಪ್ಪು ಇಳಿಸಿದರು. ಒಳಗೆ ಟೈಲರ್ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

"ಏನ್ ಮಾಡ್ತಿದ್ದೀರಿ?"

"ಯೋಚನೆ."

"ಏನಂತ?"

"ಈಗಷ್ಟೇ ಕೂತಿದ್ದೀನಿ ಕಣೇ. ಇನ್ನೂ ಬಂದಿಲ್ಲ."

ಅಜ್ಜಿ ರಸ್ತೆಯ ಕಡೆ ತಿರುಗಿ ಯಾರೂ ಗಿರಾಕಿಗಳಿಲ್ಲವೆಂದು ಖಚಿತ ಮಾಡಿಕೊಂಡರು.

"ಸ್ವಲ್ಪ ಆ ಕಡೆ ಸರೀರಿ" ಎಂದು ಸೀರೆ ಎತ್ತಿಕಟ್ಟಿ ಒಳಗೆ ಹೊಕ್ಕು, ಜಿಪ್ಪು ಎಳೆದುಕೊಂಡರು.